ಕೂಡಿ ಕೂತರೆ ಕೌದಿ

ಹಳೆ ಸೀರೆಗಳನ್ನು ಹೊದಿಕೆಯಾಗಿಸುವ ಕೆಲಸ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗೆ ಕೂತು ಮಾತಾಡುವ ಜಾಗವನ್ನೂ ಕೊಟ್ಟಿತ್ತು. ಹೊದಿಕೆಗೆ ಈಗ ಮಾರುಕಟ್ಟೆ ಸಿಕ್ಕಿದೆ. ಆ ಜಾಗ ಏನಾಯಿತು?

ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಯೊಂದನ್ನು ನೆಲಕ್ಕೆ ಹಾಸಿ, ಅದರ ಮೇಲೆ ಓಡಿರುವ ಹೊಲಿಗೆಯ ಸಾಲುಗಳನ್ನು ಲೆಕ್ಕ ಹಾಕಿ ನೋಡಿ. ಸಾಲಿಗೂ ಸಾಲಿಗೂ ನಡುವೆ ಒಂದು ಸೆಂಟಿಮೀಟರ್ ಜಾಗ ಬಿಟ್ಟಿದ್ದರೆ, ಆ ಒಂದು ಕೌದಿಯಲ್ಲಿ ಸುಮಾರು 220 ಮೀಟರ್ ಉದ್ದದ ಹೊಲಿಗೆ ಇರುತ್ತದೆ. ಸೆಂಟಿಮೀಟರಿಗೆ ಒಂದರಂತೆ ಹಿಡಿದರೂ 22 ಸಾವಿರ ಹೊಲಿಗೆ. ಪಳಗಿದ ಕೈ ನಾಲ್ಕು ಸೆಕೆಂಡಿಗೊಂದು ಹೊಲಿಗೆ ಹಾಕುತ್ತದೆ ಎಂದುಕೊಂಡರೆ ಒಬ್ಬರಿಗೆ 24 ಗಂಟೆಗಳ ಕೆಲಸ. ಅಡುಗೆ, ಹೊಲ, ದನಕರು, ಮಕ್ಕಳು ಎಲ್ಲ ಮುಗಿದ ಮೇಲೆ ದಿನಕ್ಕೆ ಎರಡು ಗಂಟೆ ಬಿಡುವು ಸಿಗುವ ಹೆಂಗಸು ಒಬ್ಬಳೇ ಕೂತರೆ 12 ದಿನ ಬೇಕು. ನಾಲ್ವರು ಕೂತರೆ ಮೂರು ಮಧ್ಯಾಹ್ನ ಸಾಕು.

ಈ ಲೆಕ್ಕವನ್ನು ಹಳ್ಳಿಯ ಹೆಣ್ಣುಮಕ್ಕಳು ಕಾಗದದ ಮೇಲೆ ಬರೆಯಲಿಲ್ಲ, ಬದುಕಿನಲ್ಲಿ ಕಂಡುಕೊಂಡರು. ಇವತ್ತು ನಿನ್ನ ಮನೆಯ ಕೌದಿ, ನಾಳೆ ನನ್ನ ಮನೆಯದು. ಮಲೆನಾಡಿನ ಗದ್ದೆ ನಾಟಿಯಲ್ಲಿ ಇದಕ್ಕೆ ಮುಯ್ಯಾಳು ಎನ್ನುತ್ತಾರೆ: ಕೂಲಿಯ ಮಾತಿಲ್ಲ, ದುಡಿಮೆಗೆ ದುಡಿಮೆಯೇ ಮರುಪಾವತಿ. ಕೌದಿಯ ಸುತ್ತ ಕೂರುವುದೂ ಇಂಥದೇ ಮುಯ್ಯಿ. ವ್ಯತ್ಯಾಸವೆಂದರೆ ನಾಟಿಯಲ್ಲಿ ಮಳೆ, ಕೆಸರು, ಹೊತ್ತು ಮುಳುಗುವ ಆತುರ ಇರುತ್ತವೆ. ಕೌದಿಯಲ್ಲಿ ಆತುರವಿಲ್ಲ. ಆತುರವಿಲ್ಲದ ಆ ಎರಡು ಗಂಟೆಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದೇ ಈ ಬರಹದ ವಿಷಯ.

ಶಿವಮೊಗ್ಗದ ವಿದ್ಯಾನಗರದಲ್ಲಿ ಕೂತು ಇದನ್ನು ಯೋಚಿಸಲು ಕಾರಣವಿದೆ. ನಮ್ಮದು ಎರಡು ಸೀಮೆಗಳು ಕೂಡುವ ಜಿಲ್ಲೆ. ಪಶ್ಚಿಮಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರದ ಮಳೆಕಾಡು. ಅಲ್ಲಿ ಕಂಬಳಿಯದೇ ಆಳ್ವಿಕೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಅರಳೆ ಬಟ್ಟೆಯ ದಪ್ಪ ಹೊದಿಕೆ ಒಮ್ಮೆ ಒದ್ದೆಯಾದರೆ ವಾರವಾದರೂ ಒಣಗದು. ಪೂರ್ವಕ್ಕೆ, ಉತ್ತರಕ್ಕೆ ಶಿಕಾರಿಪುರ, ಶಿರಾಳಕೊಪ್ಪ, ಅದರಾಚೆ ಹಿರೇಕೆರೂರು, ರಾಣೆಬೆನ್ನೂರು, ಹೊನ್ನಾಳಿ. ಹತ್ತಿ ಬೆಳೆದ, ಸೀರೆ ನೇಯ್ದ ಬಯಲು ಅಲ್ಲಿಂದ ತೆರೆದುಕೊಳ್ಳುತ್ತದೆ, ಕೌದಿಯ ನಾಡೂ ಅಲ್ಲಿಂದಲೇ ಶುರುವಾಗುತ್ತದೆ. ಬಿ.ಎಚ್. ರಸ್ತೆಯ ಬದಿಯ ನಮ್ಮ ಬಡಾವಣೆಗಳಿಗೆ ಎರಡೂ ಕಡೆಯಿಂದ ಜನ ಬಂದು ಮನೆ ಕಟ್ಟಿದ್ದಾರೆ. ಟ್ರಂಕಿನಲ್ಲಿ ಕೌದಿ ತಂದವರಿದ್ದಾರೆ, ಕೌದಿಯೆಂದರೆ ಏನೆಂದು ಕೇಳುವ ಮಕ್ಕಳೂ ಇದ್ದಾರೆ.

ಕೌದಿ ಹುಟ್ಟುವ ಬಗೆ

ಕೌದಿಗೆ ಹೊಸ ಬಟ್ಟೆ ಬೇಕಿಲ್ಲ, ಹೊಸ ಬಟ್ಟೆ ಒಗ್ಗುವುದೂ ಇಲ್ಲ. ನೂರಾರು ಸಲ ಒಗೆಸಿಕೊಂಡು ಗಂಜಿ ಬಿಟ್ಟು, ನೂಲು ಸಡಿಲಾಗಿ ಮೆತ್ತಗಾದ ಹತ್ತಿ ಸೀರೆಯೇ ಇದರ ಮೈ. ಹಳೆಯ ಇಳಕಲ್ ಸೀರೆ, ಧೋತರ, ಅಂಗಿ, ಲಂಗ, ಕುಪ್ಪಸದ ಕಣ, ಮಕ್ಕಳ ಶಾಲೆಯ ಸಮವಸ್ತ್ರ, ಹೀಗೆ ಮನೆಮಂದಿ ತೊಟ್ಟು ಬಿಟ್ಟದ್ದೆಲ್ಲ ಒಂದು ಗಂಟಿನಲ್ಲಿ ಕೂಡುತ್ತಾ ಹೋಗುತ್ತದೆ. ಸುಗ್ಗಿ ಮುಗಿದು ಕಾಳುಕಡಿ ಮನೆ ಸೇರಿ, ಯುಗಾದಿ ಕಳೆದ ಮೇಲೆ ಆ ಗಂಟು ಬಿಚ್ಚುವ ಕಾಲ. ಮುಂಗಾರಿಗೆ ಮೊದಲು ಕೌದಿ ಮುಗಿಯಬೇಕು. ಮಳೆ ಬಿದ್ದರೆ ಕೈಗಳೆಲ್ಲ ಬಿತ್ತನೆಗೆ ಹೋಗುತ್ತವೆ.

ಮೊದಲು ಅಡಿಗೆ ಒಂದು ಗಟ್ಟಿ ಬಟ್ಟೆ, ಸಾಮಾನ್ಯವಾಗಿ ಮಡಿಸಿದ ಸೀರೆ. ಅದರ ಮೇಲೆ ಹರಿದ, ಸವೆದ ತುಂಡುಗಳ ಪದರ. ಇವು ಒಳಗೇ ಉಳಿದು ಯಾರ ಕಣ್ಣಿಗೂ ಬೀಳವು, ಬೆಚ್ಚಗಿಡುವ ಕೆಲಸವೆಲ್ಲ ಇವುಗಳದೇ. ಪದರ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನು ಹೊರಹೋಗಲು ಬಿಡುವುದಿಲ್ಲ. ಒಂದೇ ದಪ್ಪ ಬಟ್ಟೆಗಿಂತ ನಾಲ್ಕು ತೆಳುಬಟ್ಟೆ ಕೂಡಿದ ಕೌದಿ ಹೆಚ್ಚು ಬೆಚ್ಚಗಿರುವುದು ಇದಕ್ಕೇ. ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣುವ ಮುಖ: ಚೌಕ, ಪಟ್ಟಿ, ತ್ರಿಕೋನ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬ ತೀರ್ಮಾನ ಹಿರಿಯಳೊಬ್ಬಳದು. ನಕ್ಷೆ, ಅಳತೆಪಟ್ಟಿ ಯಾವುದೂ ಇಲ್ಲದೆ ಆಕೆ ತುಂಡುಗಳನ್ನು ಹರಡಿ, ಎದ್ದು ನಿಂತು ದೂರದಿಂದ ನೋಡಿ, ಮತ್ತೆ ಕೂತು ಎರಡನ್ನು ಅದಲುಬದಲು ಮಾಡುತ್ತಾಳೆ. ಕಲಾಶಾಲೆಗಳಲ್ಲಿ ಸಂಯೋಜನೆ ಎಂದು ಕಲಿಸುವ ಪಾಠ ಇದೇ.

ಆಮೇಲೆ ಸೂಜಿ. ದಬ್ಬಣದಂಥ ಉದ್ದ ಸೂಜಿ, ದಪ್ಪ ನೂಲು, ನೇರ ಓಡುವ ಹೊಲಿಗೆ, ಇಷ್ಟೇ ವಿದ್ಯೆ. ಆದರೆ ಹೊಲಿಗೆ ಓಡುವ ದಾರಿಯಲ್ಲಿ ಒಂದು ಜಾಣತನವಿದೆ. ಕೌದಿಗಳಲ್ಲಿ ಬಹಳಷ್ಟು ಅಂಚಿನಿಂದ ಶುರುವಾಗಿ, ಚೌಕದೊಳಗೆ ಚೌಕ ಬಿಡಿಸುತ್ತಾ ನಡುವಿಗೆ ಬರುತ್ತವೆ. ಹೀಗೆ ಹೊಲಿಯುವಾಗ ನಾಲ್ಕು ಬದಿಗೆ ನಾಲ್ವರು ಕೂರಬಹುದು. ಸಾಲು ಒಳಕ್ಕೆ ಸರಿದಂತೆ ಕೂತವರೂ ಒಳಕ್ಕೆ ಸರಿಯುತ್ತಾರೆ, ಕೊನೆಯ ಸುತ್ತಿನ ಹೊತ್ತಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರವಾಗಿರುತ್ತಾರೆ. ಅಮೆರಿಕದ ಹಳ್ಳಿಗಳಲ್ಲಿ ಕ್ವಿಲ್ಟ್ ಎಂಬ ಇಂಥದೇ ಹೊದಿಕೆ ಹೊಲಿಯಲು ಮರದ ದೊಡ್ಡ ಚೌಕಟ್ಟು ಬೇಕಿತ್ತು, ಅದನ್ನು ನಿಲ್ಲಿಸಲು ದೊಡ್ಡ ಕೋಣೆ ಬೇಕಿತ್ತು. ನಮ್ಮ ಕೌದಿಗೆ ನೆಲವೇ ಚೌಕಟ್ಟು. ಒಂದು ಜಗಲಿ, ಒಂದು ಪಡಸಾಲೆ, ಬೇವಿನ ನೆರಳು, ಯಾವುದಾದರೂ ನಡೆಯುತ್ತದೆ. ಗುಡಿಸಲಿನ ಮುಂದೆಯೂ ಕೌದಿ ಹುಟ್ಟುತ್ತಿದ್ದುದು ಈ ಕಾರಣಕ್ಕೆ.

ನಡುವಿನ ಕೊನೆಯ ಚೌಕವನ್ನು ಕೌದಿಯ ಹೊಟ್ಟೆ ಎಂದು ಕಾಣುವ ವಾಡಿಕೆ ಉತ್ತರ ಕರ್ನಾಟಕದಲ್ಲೂ ಅದರಾಚೆ ಮಹಾರಾಷ್ಟ್ರದ ಗೋಧಡಿ ಹೊಲಿಯುವವರಲ್ಲೂ ಇದೆ. ಅದನ್ನು ಬರಿದಾಗಿ ಮುಚ್ಚುವಂತಿಲ್ಲ. ನಾಲ್ಕು ಕಾಳು ಅಕ್ಕಿಯನ್ನೋ ರೊಟ್ಟಿಯ ಚೂರನ್ನೋ ಇಟ್ಟು ಹೊಲಿಯುತ್ತಾರೆ. ಹಸಿದ ಹೊಟ್ಟೆಯ ಹೊದಿಕೆ ಯಾರನ್ನೂ ಬೆಚ್ಚಗಿಡಲಾರದು ಎಂಬ ನಂಬಿಕೆ ಅದು. ಹೊದಿಕೆಯ ಹೊಟ್ಟೆಯನ್ನೂ ವಿಚಾರಿಸಿಕೊಳ್ಳುವ ಈ ಮನಸ್ಸನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸಲು ನನಗಂತೂ ಮನಸ್ಸಿಲ್ಲ.

ಕೈಗೆ ಕೆಲಸ, ಬಾಯಿಗೆ ಬಿಡುವು

ಊರಿನ ಗಂಡಸರಿಗೆ ಅರಳಿಕಟ್ಟೆಯಿತ್ತು, ಚಹಾದಂಗಡಿಯಿತ್ತು, ಸಂತೆಯಿತ್ತು. ಅಲ್ಲಿ ಸುಮ್ಮನೆ ಕೂತರೆ ಯಾರೂ ಕೇಳುತ್ತಿರಲಿಲ್ಲ. ಹೆಂಗಸು ಸುಮ್ಮನೆ ಕೂತರೆ ಕೇಳುವವರು ಮನೆ ತುಂಬ ಇದ್ದರು. ಕೈಯಲ್ಲಿ ಸೂಜಿಯಿದ್ದರೆ ಮಾತ್ರ ಆಕೆಯ ಕೂರುವಿಕೆಗೆ ಸಮ್ಮತಿ ಸಿಗುತ್ತಿತ್ತು. ಅತ್ತೆ ಆಕ್ಷೇಪ ಎತ್ತಲಾರದ, ಗಂಡ ಬೇಡ ಎನ್ನಲಾರದ ಎರಡು ಗಂಟೆಗಳನ್ನು ಕೌದಿ ಸಂಪಾದಿಸಿಕೊಟ್ಟಿತು. ಬಾವಿಕಟ್ಟೆ, ಹೊಳೆದಂಡೆ, ಬೀಸುಕಲ್ಲಿನ ಸುತ್ತಲಿನ ಜಾಗಗಳೂ ಹೀಗೆಯೇ ಹುಟ್ಟಿದವು. ಆದರೆ ಬಾವಿಯಲ್ಲಿ ಕೊಡ ತುಂಬಿದೊಡನೆ ಏಳಬೇಕು, ಬೀಸುವಾಗ ಕಲ್ಲಿನ ಸದ್ದು. ಕೌದಿಗೆ ಸದ್ದಿಲ್ಲ, ಮುಗಿಯುವ ಅವಸರವಿಲ್ಲ.

ಅಲ್ಲಿ ನಡೆಯುತ್ತಿದ್ದುದನ್ನು ಹರಟೆ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಯಾವ ಊರಿನ ಯಾವ ಮನೆಗೆ ಹೆಣ್ಣು ಕೊಡಬಹುದು, ಯಾವ ಮನೆಗೆ ಕೊಡಬಾರದು ಎಂಬ ಸುದ್ದಿ ಅಲ್ಲಿ ಸಿಗುತ್ತಿತ್ತು. ಬಾಣಂತಿಗೆ ಏನು ಕೊಡಬೇಕು, ಕೂಸಿನ ಹೊಟ್ಟೆನೋವಿಗೆ ಯಾವ ಕಷಾಯ, ತಿಂಗಳ ನೋವಿಗೆ ಏನು ಎಂಬ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಯಾರ ಮನೆಯಲ್ಲಿ ಜೋಳ ತೀರಿದೆ, ಯಾರ ಗಂಡ ಕುಡಿದು ಕೈ ಎತ್ತುತ್ತಾನೆ ಎಂಬುದೂ ಹೊರಬೀಳುತ್ತಿತ್ತು. ಎದುರೆದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ ಮಾತನ್ನು, ತಲೆ ತಗ್ಗಿಸಿ ಹೊಲಿಗೆಯ ಮೇಲೆ ಕಣ್ಣಿಟ್ಟು ಹೇಳಬಹುದು. ಕೇಳುವವರೂ ತಲೆ ಎತ್ತಬೇಕಾಗಿಲ್ಲ. ಆಪ್ತಸಮಾಲೋಚನೆಯ ಕೋಣೆಗಳು ಇಲ್ಲದ ಕಾಲದಲ್ಲಿ ನೋವನ್ನು ಬಾಯಿಗೆ ತರಲು ಇದ್ದ ದಾರಿ ಇದು.

ಅದು ಶಾಲೆಯೂ ಆಗಿತ್ತು. ಮಂಜುಗಣ್ಣಿನ ಅಜ್ಜಿಯರಿಗೆ ಸೂಜಿಗೆ ನೂಲು ಪೋಣಿಸಿಕೊಡುವುದು ಐದಾರು ವರ್ಷದ ಹುಡುಗಿಯರ ಮೊದಲ ಕೆಲಸ. ಆಮೇಲೆ ಒಳಪದರದ ಹೊಲಿಗೆ, ಅಲ್ಲಿ ತಪ್ಪಿದರೆ ಕಾಣುವುದಿಲ್ಲ. ಕೈ ಕೂತ ಮೇಲೆ ಅಂಚಿನ ಹೊಲಿಗೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದವಳಿಗೆ ಮದುವೆಯ ಹೊತ್ತಿಗೆ ಕೌದಿಯ ಜೊತೆ ಪದಗಳು, ಒಗಟುಗಳು, ಮನೆತನಗಳ ಚರಿತ್ರೆ ಎಲ್ಲ ಬಾಯಿಗೆ ಬಂದಿರುತ್ತಿದ್ದವು. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಕೂಸಿಗೆಂದು ಹೊಲಿಯುವ ಪುಟ್ಟ ಕೌದಿ ಇಡೀ ಓಣಿಯ ಕೆಲಸ. ಅಜ್ಜಿಯ ಸೀರೆಯ ಸೆರಗು, ಅತ್ತೆಯ ಕುಪ್ಪಸ, ಮಾವನ ಧೋತರ ಅದರಲ್ಲಿ ಸೇರುತ್ತವೆ. ಕೂಸು ಕಣ್ಣು ಬಿಡುವ ಮೊದಲೇ ತನ್ನವರೆಲ್ಲರ ನಡುವೆ ಮಲಗಿರುತ್ತದೆ.

ವರ್ಷಕ್ಕೊಮ್ಮೆ ಮಹಾನವಮಿಗೆ ಮೊದಲು ಮನೆಯ ಕೌದಿಗಳೆಲ್ಲ ಹೊಳೆಗೋ ಕೆರೆಗೋ ಹೊರಡುತ್ತಿದ್ದವು. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲಾಗದು, ಹಿಂಡಲೂ ಆಗದು. ಎರಡು ತುದಿ ಇಬ್ಬರು ಹಿಡಿದು ತಿರುಚಬೇಕು. ಕೌದಿ ಹುಟ್ಟುವುದಕ್ಕೂ ಜನ ಬೇಕು, ತೊಳೆಸಿಕೊಳ್ಳುವುದಕ್ಕೂ ಜನ ಬೇಕು.

ಇದನ್ನೆಲ್ಲ ಬರೀ ಸವಿನೆನಪಾಗಿ ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. ಕೌದಿಯ ಸುತ್ತ ಕೂತವರು ಬಹುಪಾಲು ಒಂದೇ ಕೇರಿಯವರು, ಒಂದೇ ಜಾತಿಯವರು. ಉಟ್ಟ ಬಟ್ಟೆಗೆ ಮೈಲಿಗೆಯ ಲೆಕ್ಕವಿದ್ದ ಸಮಾಜದಲ್ಲಿ ಒಂದು ಕೇರಿಯ ಸೀರೆ ಇನ್ನೊಂದು ಕೇರಿಯ ಕೌದಿಯಲ್ಲಿ ಸೇರುವುದು ಸುಲಭವಿರಲಿಲ್ಲ. ಬಯಲುಸೀಮೆಯ ಊರುಗಳಲ್ಲಿ ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಅಂಗಳದಲ್ಲಿ ಕೂತು ಹೊಲಿದರು, ಕಾಳನ್ನೋ ಹಳೆ ಸೀರೆಯನ್ನೋ ಕೂಲಿಯಾಗಿ ಪಡೆದು ಮುಂದಿನ ಊರಿಗೆ ಹೋದರು. ಕೌದಿಯ ನಾಡಿನಲ್ಲಿ ಅತ್ಯುತ್ತಮ ಕೈಗಳು ಎಷ್ಟೋ ಸಲ ಅವರವೇ ಆಗಿದ್ದವು. ಪಡಸಾಲೆಯೊಳಗಿನ ಮಾತಿಗೆ ಅವರನ್ನು ಕರೆದವರು ಕಡಿಮೆ. ಕೂಡಿ ಕೂರುವ ಪರಂಪರೆಯನ್ನು ಮತ್ತೆ ಕಟ್ಟುವವರು ಈ ಗೋಡೆಯನ್ನು ಹಾಗೇ ಬಿಟ್ಟು ಕಟ್ಟಬಾರದು.

ಸಿದ್ದಿ ಹೆಣ್ಣುಮಕ್ಕಳ ಕವಂದಿ

ಶಿವಮೊಗ್ಗದಿಂದ ಶಿಕಾರಿಪುರ, ಸೊರಬ, ಶಿರಸಿ ದಾಟಿ ಯಲ್ಲಾಪುರದ ಕಾಡಿಗೆ ಹೋದರೆ ಈ ಕಲೆಯ ಇನ್ನೊಂದು ಬೆರಗು ಸಿಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರು ಪೂರ್ವ ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳನ್ನು ಪಾಲಿಸುವ ಈ ಸಮುದಾಯಕ್ಕೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಇವರು ಕೌದಿಯನ್ನು ಕವಂದಿ ಎನ್ನುತ್ತಾರೆ. ಒಂದು ಮೂಲೆಯಿಂದ ಹೊಲಿಗೆ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವ ಪದ್ಧತಿಯಿಲ್ಲ. ಹೊಲಿಯುತ್ತಾ ಹೋದಂತೆ ಮುಂದಿನ ತುಂಡು ಯಾವುದೆಂದು ಕೈಯೇ ಆರಿಸಿಕೊಳ್ಳುತ್ತದೆ. ದೊಡ್ಡ ತುಂಡುಗಳ ಮೇಲೆ ಬಣ್ಣಬಣ್ಣದ ಚಿಕ್ಕ ಚೂರುಗಳನ್ನು ಇಡುತ್ತಾರೆ. ಕ್ರೈಸ್ತ ಮನೆಗಳ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಮನೆಗಳದರಲ್ಲಿ ಅರ್ಧಚಂದ್ರ ಕಾಣುವುದುಂಟು. ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನದ ಬಟ್ಟೆಗಳನ್ನು ಪದರವಾಗಿ ಇಟ್ಟು ಹೂವು ಮಾಡುತ್ತಾರೆ. ಆ ಹೂವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಧರ್ಮ ಮೂರಾದರೂ ಹೊಲಿಗೆಯ ಸುತ್ತು ಒಂದೇ, ಮೂಲೆಯ ಹೂವೂ ಒಂದೇ. ಸಿದ್ದಿಗಳನ್ನು ಒಂದು ಸಮುದಾಯವಾಗಿ ಹಿಡಿದಿಟ್ಟವುಗಳಲ್ಲಿ ಡಮಾಮಿ ಕುಣಿತದ ತಾಳದ ಜೊತೆ ಕವಂದಿಯ ನೂಲಿಗೂ ಪಾಲಿದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಆಫ್ರಿಕಾದ ಕಲೆಯ ಜಾಡು ಹಿಡಿದು 2004ರ ಸುಮಾರಿಗೆ ಇಲ್ಲಿಗೆ ಬಂದರು. ಆ ಒಡನಾಟದಿಂದ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ರೂಪುಗೊಂಡಿತು. ಮನೆಮಂದಿಗಾಗಿ ಮಾತ್ರ ಹೊಲಿಯುತ್ತಿದ್ದ ಕವಂದಿ ಮಾರಾಟಕ್ಕೂ ಹೊರಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ಯಲ್ಲಾಪುರದ ಕಾಡಿನ ಕವಂದಿಗಳು ತೂಗಿದವು. ಹರಿದ ಬಟ್ಟೆಯ ಹೊದಿಕೆಯೆಂದು ಊರವರೇ ಬದಿಗಿಟ್ಟಿದ್ದನ್ನು ದೂರದ ನಗರ ಕಲೆಯೆಂದು ನೋಡಿತು. ಹೊಲಿದವರ ಕೈಗೆ ದುಡ್ಡು ಬಂದದ್ದು ದೊಡ್ಡ ಸಂಗತಿ. ತಮ್ಮ ಕೈಕೆಲಸದ ಬಗ್ಗೆ ಹೆಮ್ಮೆ ಬಂದದ್ದು ಅಷ್ಟೇ ದೊಡ್ಡದು.

ನಮ್ಮ ಮಗ್ಗುಲಲ್ಲೇ ಇನ್ನೊಂದು ಸೂಜಿ ಪರಂಪರೆಯಿದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪ ಶಿವಮೊಗ್ಗಕ್ಕೆ ಹತ್ತಿರ. ಸುತ್ತಲಿನ ತಾಂಡಾಗಳ ಹಿರಿಯ ಲಂಬಾಣಿ ಹೆಂಗಸರ ಕನ್ನಡಿ, ಕವಡೆಯ ಉಡುಗೆಗಳಲ್ಲಿ ಕೂಡಿ ಕೂತ ಮಧ್ಯಾಹ್ನಗಳ ಲೆಕ್ಕವಿದೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಅಲಬಾಮಾದಲ್ಲೂ ಮುಜಫ್ಫರಪುರದಲ್ಲೂ

ಕೂಡಿ ಹೊಲಿಯುವವರು ಕೂಡಿ ಎದ್ದು ನಿಂತ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ನದಿ ತಿರುವಿನೊಳಗೆ ಗೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿ ತೋಟದ ಗುಲಾಮರ ವಂಶದವರು ಇಲ್ಲಿಯ ಜನ. ಹಳೆ ಜೀನ್ಸ್, ಗೊಬ್ಬರದ ಚೀಲ, ಸವೆದ ಅಂಗಿಗಳಿಂದ ಇಲ್ಲಿಯ ಹೆಂಗಸರು ಕ್ವಿಲ್ಟ್ ಹೊಲಿದರು. ಮೇಲ್ಮುಖವನ್ನು ಒಬ್ಬಳೇ ಜೋಡಿಸಿಕೊಳ್ಳುವುದು, ಪದರಗಳನ್ನು ಸೇರಿಸುವ ಹೊಲಿಗೆಗೆ ನೆರೆಯವರನ್ನು ಕರೆಯುವುದು ಅವರ ಕ್ರಮ. ನದಿಯಾಚೆಯ ಪಟ್ಟಣಕ್ಕೆ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಕಪ್ಪು ಜನ ಹೊರಟಾಗ, 1962ರಲ್ಲಿ ನದಿ ದಾಟುವ ದೋಣಿಯನ್ನೇ ನಿಲ್ಲಿಸಲಾಯಿತು. ಅದು ಮತ್ತೆ ಓಡಿದ್ದು 2006ರಲ್ಲಿ. ಈ ನಡುವೆ, 1966ರಲ್ಲಿ, ಆ ಭಾಗದ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. ಮತದ ಹಕ್ಕು ಕೇಳಿದ್ದಕ್ಕೆ ಕೆಲಸ ಕಳೆದುಕೊಂಡ ಕುಟುಂಬಗಳಿಗೆ ಅದು ಆಸರೆಯಾಯಿತು. 2002ರಲ್ಲಿ ಗೀಸ್ ಬೆಂಡಿನ ಕ್ವಿಲ್ಟ್‌ಗಳು ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯ ತಲುಪಿದವು.

ಬಿಹಾರದ ಮುಜಫ್ಫರಪುರ ಜಿಲ್ಲೆಯ ಭೂಸುರಾ ಹಳ್ಳಿಯಲ್ಲಿ ಸುಜನಿ ಎಂಬ ಹೊಲಿಗೆಯಿದೆ. ಅದೂ ಹುಟ್ಟಿದ್ದು ನಮ್ಮ ಕೂಸಿನ ಕೌದಿಯ ಹಾಗೆ, ಹಳೆ ಸೀರೆ, ಧೋತಿಗಳಿಂದ ಎಳೆಗೂಸಿಗೆಂದು. 1988ರಿಂದ ಅದಕ್ಕೆ ಮರುಜೀವ ಬಂತು. ಕೂಡಿ ಕೂತ ಹೆಂಗಸರು ತಮ್ಮ ಮಾತುಗಳನ್ನೇ ಬಟ್ಟೆಗೆ ಇಳಿಸಿದರು: ವರದಕ್ಷಿಣೆ, ಕುಡುಕ ಗಂಡ, ಹೆಣ್ಣುಭ್ರೂಣದ ಹತ್ಯೆ, ಶಾಲೆಗೆ ಹೊರಟ ಹುಡುಗಿ. ಇನ್ನೂ ದೂರದ ಚಿಲಿ ದೇಶದಲ್ಲಿ, 1973ರ ಸೇನಾ ದಂಗೆಯ ನಂತರ ಕಾಣೆಯಾದವರ ತಾಯಂದಿರು, ಹೆಂಡಂದಿರು ಚರ್ಚಿನ ಆಶ್ರಯದಲ್ಲಿ ಕೂತು ಬಟ್ಟೆಯ ಚೂರುಗಳಿಂದ ಆರ್ಪಿಯೆರಾ ಎಂಬ ಚಿತ್ರಗಳನ್ನು ಹೊಲಿದರು. ಪತ್ರಿಕೆಗಳ ಬಾಯಿ ಕಟ್ಟಿದ್ದ ಸರ್ವಾಧಿಕಾರದ ಕಥೆ ಆ ಬಟ್ಟೆಗಳ ಮೂಲಕ ಹೊರದೇಶ ತಲುಪಿತು.

ಈ ಮೂರೂ ಕಡೆ ಮೊದಲು ಬಂದದ್ದು ಕೂರುವಿಕೆ. ಸಂಘ, ಪ್ರತಿಭಟನೆ, ಮಾರಾಟ, ಮ್ಯೂಸಿಯಂ ಎಲ್ಲ ಆಮೇಲೆ. ಒಬ್ಬರನ್ನೊಬ್ಬರು ನಂಬಿದ ಮೇಲೆ ಮಾತ್ರ ಸಂಘ ಕಟ್ಟಲು ಸಾಧ್ಯ, ಆ ನಂಬಿಕೆ ಬೆಳೆಯಲು ಮಧ್ಯಾಹ್ನಗಳು ಬೇಕು.

ಜಗಲಿ ಎಲ್ಲಿ ಹೋಯಿತು?

ಕೌದಿ ಯಾಕೆ ಕಡಿಮೆಯಾಯಿತು ಎಂಬುದಕ್ಕೆ ಮೊದಲ ಉತ್ತರ ಬಟ್ಟೆಯಲ್ಲೇ ಇದೆ. ಹಳ್ಳಿಯ ಮನೆಗಳಿಗೂ ಪಾಲಿಯೆಸ್ಟರ್ ಸೀರೆ ಬಂದಿತು. ಅದು ಬೇಗ ಒಣಗುತ್ತದೆ, ಇಸ್ತ್ರಿ ಬೇಡ, ಬೆಲೆ ಕಡಿಮೆ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಅದು ಅನುಕೂಲವೇ. ಆದರೆ ಅದು ಬೆವರು ಹೀರುವುದಿಲ್ಲ, ಹಳತಾದಂತೆ ಮೆತ್ತಗಾಗುವುದಿಲ್ಲ, ಪದರವಾಗಿ ಹಾಸಿದರೆ ಜಾರುತ್ತದೆ. ಅದರಿಂದ ಹೊಲಿದ ಕೌದಿ ಎಳೆಗೂಸಿನ ಮೈಗೆ ಒಗ್ಗದು. ಅಂಗಡಿಯಲ್ಲಿ ಯಂತ್ರದ ಬ್ಲಾಂಕೆಟ್ ಕೆಲವೇ ನೂರು ರೂಪಾಯಿಗೆ ಸಿಗುವಾಗ 22 ಸಾವಿರ ಹೊಲಿಗೆಯ ಹೊದಿಕೆ ಯಾರಿಗೆ ಬೇಕು ಎಂಬ ಪ್ರಶ್ನೆಯೂ ಸಹಜ.

ಎರಡನೆಯ ಉತ್ತರ ಮನೆಯ ನಕ್ಷೆಯಲ್ಲಿದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂದಿತು. ನಾನಾ ಊರುಗಳ, ನಾನಾ ಭಾಷೆಗಳ ಕುಟುಂಬಗಳು ಕಾರ್ಮಿಕರ ವಸತಿಗಳಲ್ಲಿ ಸಾಲುಮನೆ ಹಂಚಿಕೊಂಡವು. ಸಾಲುಮನೆಗೆ ಹಿತ್ತಲು ಚಿಕ್ಕದಾದರೂ ಮೆಟ್ಟಿಲು ಒಂದಕ್ಕೊಂದು ತಾಗಿಕೊಂಡಿರುತ್ತದೆ, ಸಂಜೆ ಅಲ್ಲಿ ಕೂತವರಿಗೆ ಮಾತಿಗೆ ಜನ ಸಿಗುತ್ತಾರೆ. ಆಮೇಲೆ ಬೆಳೆದ ವಿದ್ಯಾನಗರದಂಥ ಬಡಾವಣೆಗಳಲ್ಲಿ ಮನೆಗಳು ದೊಡ್ಡವಾದವು, ಜಗಲಿ ಮಾತ್ರ ಕಾಣೆಯಾಯಿತು. ಕಾಂಪೌಂಡು, ಗೇಟು, ಗೇಟಿನೊಳಗೆ ಕಾರು ನಿಲ್ಲಿಸುವ ಜಾಗ. ನಾಲ್ವರು ನೆಲದ ಮೇಲೆ ಬಟ್ಟೆ ಹರಡಿ ಕೂರುವಷ್ಟು ಜಾಗ ಪ್ರತಿ ಮನೆಯಲ್ಲೂ ಇದೆ. ಆದರೆ ಅದು ಬಾಗಿಲ ಒಳಗಿದೆ, ಬಾಗಿಲು ತಟ್ಟಲು ಈಗ ಕಾರಣ ಬೇಕು.

ಮೂರನೆಯದು ದುಡಿಮೆ. ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿಯ ಕಡೆಗೆ ಬೆಳಗಾದರೆ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳ ಬಸ್ಸುಗಳು ಓಡುತ್ತವೆ. ಅವರ ಕೈಗೆ ಸಂಬಳ ಬಂದಿದೆ, ಅದರೊಡನೆ ಮನೆಯಲ್ಲಿ ಮಾತಿಗೆ ತೂಕ ಬಂದಿದೆ. ಇದನ್ನು ಕಡಿಮೆ ಎಣಿಸುವುದು ತಪ್ಪು. ಅಲ್ಲಿಯೂ ನೂರಾರು ಹೆಂಗಸರು ಒಂದೇ ಚಾವಣಿಯಡಿ ಕೂತು ಹೊಲಿಯುತ್ತಾರೆ. ಆದರೆ ಯಂತ್ರದ ಸದ್ದಿನಲ್ಲಿ, ಗಂಟೆಗೆ ಇಷ್ಟು ತುಂಡು ಎಂಬ ಗುರಿಯ ಎದುರು, ಮಾತಿಗೆ ಬಿಡುವಿಲ್ಲ. ಪಕ್ಕದಲ್ಲಿ ಕೂತರೂ ಕೂಡಿ ಕೂತಂತೆ ಆಗುವುದಿಲ್ಲ.

ಹಾಗೆಂದು ಕೂರುವ ಜಾಗಗಳೆಲ್ಲ ಬತ್ತಿಲ್ಲ. 2000-01ರಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ಆರಂಭಿಸಿದ ಮೇಲೆ, ಅದರ ಜೊತೆಗೆ ಬಗೆಬಗೆಯ ಸ್ವಸಹಾಯ ಸಂಘಗಳು ಬೆಳೆದ ಮೇಲೆ, ವಾರಕ್ಕೊಮ್ಮೆ ಹೆಂಗಸರು ಕೂಡುವುದು ಹಳ್ಳಿಯಲ್ಲೂ ಬಡಾವಣೆಯಲ್ಲೂ ರೂಢಿಯಾಗಿದೆ. ಕೇರಿ ದಾಟಿ ಕೂರುವುದನ್ನು ಈ ಸಂಘಗಳು ಎಷ್ಟೋ ಕಡೆ ಸಾಧ್ಯ ಮಾಡಿವೆ. ಹಳೆಯ ಕೌದಿ ಅದನ್ನು ಮಾಡಿರಲಿಲ್ಲ. ಆದರೆ ಸಂಘದ ಸಭೆಯ ನಡುವೆ ಇರುವುದು ಲೆಕ್ಕದ ಪುಸ್ತಕ. ಉಳಿತಾಯ ಎಷ್ಟು, ಸಾಲ ಎಷ್ಟು, ಕಂತು ತಪ್ಪಿದವರು ಯಾರು ಎಂದು ಮುಗಿಯುವ ಹೊತ್ತಿಗೆ ಗಂಟೆಯಾಗಿರುತ್ತದೆ. ಕಂತು ತಪ್ಪಿದವಳು ಅಲ್ಲಿ ತನ್ನ ಕಷ್ಟ ಹೇಳಿಕೊಳ್ಳಲು ಅಂಜುತ್ತಾಳೆ. ಕೌದಿಯ ಸುತ್ತ ಯಾರೂ ಯಾರಿಗೂ ದುಡ್ಡಿನ ಬಾಕಿದಾರರಲ್ಲ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ, ಕೈಮಗ್ಗ ಮತ್ತು ನೈಸರ್ಗಿಕ ಬಣ್ಣಗಳ ಸುತ್ತ ಹಳ್ಳಿಯ ಹೆಣ್ಣುಮಕ್ಕಳು ದುಡಿಮೆಯನ್ನೂ ಒಡನಾಟವನ್ನೂ ಒಟ್ಟಿಗೆ ಕಟ್ಟಿಕೊಳ್ಳಬಹುದೆಂದು ತೋರಿಸಿದೆ. ನಮ್ಮ ಜಿಲ್ಲೆಗೆ ಈ ಪಾಠ ಹೊರಗಿನಿಂದ ಬರಬೇಕಾಗಿಲ್ಲ.

ಇವತ್ತು ಕೌದಿ ನಗರದ ಅಂಗಡಿಗಳಲ್ಲಿ ಮತ್ತೆ ಕಾಣುತ್ತಿದೆ. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ. ಹೊಲಿದವರಿಗೆ ನ್ಯಾಯವಾದ ಪಾಲು ಸಿಗುವುದಾದರೆ ಅದು ಒಳ್ಳೆಯದೇ. ಆದರೆ ಕೌದಿಯನ್ನು ಕೊಂಡು ಗೋಡೆಗೆ ತೂಗುಹಾಕಿದರೆ ಕೌದಿ ಉಳಿಯಿತು ಎಂದುಕೊಳ್ಳುವುದು ಅರ್ಧ ಸತ್ಯ. ಹೊದಿಕೆ ಅದರ ಅರ್ಧ ಭಾಗ ಮಾತ್ರ, ಇನ್ನರ್ಧ ಭಾಗ ಅದನ್ನು ಹೊಲಿಯಲು ಕೂಡಿದ ಜನ. ವಸ್ತುವನ್ನು ಮಾರುಕಟ್ಟೆ ಉಳಿಸಬಲ್ಲದು, ಕೂಡುವುದನ್ನು ನಾವೇ ಉಳಿಸಿಕೊಳ್ಳಬೇಕು. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ದೊಡ್ಡ ಮನೆಯಲ್ಲಿ ಟಿ.ವಿ.ಯ ಎದುರು ಒಬ್ಬರೇ ಉಳಿದ ಹಿರಿಯ ಹೆಣ್ಣುಮಕ್ಕಳು ನಮ್ಮ ಬಡಾವಣೆಗಳ ಪ್ರತಿ ಬೀದಿಯಲ್ಲಿದ್ದಾರೆ. ಅವರ ಕಪಾಟುಗಳಲ್ಲಿ ಹತ್ತಿಯ ಸೀರೆಗಳಿವೆ, ಕೈಗಳಲ್ಲಿ ಇನ್ನೂ ಮರೆಯದ ಹೊಲಿಗೆಯಿದೆ. ಅದೇ ಬೀದಿಯಲ್ಲಿ ಗುಂಡಿ ಹೊಲಿದುಕೊಳ್ಳಲೂ ಬಾರದ ಹುಡುಗ ಹುಡುಗಿಯರಿದ್ದಾರೆ. ಹೌದು, ಹುಡುಗರೂ. ಸೂಜಿ ಹೆಂಗಸರ ಪಾಲಿನದು ಎಂಬ ಹಳೆಯ ಕಟ್ಟಳೆಯನ್ನು ನಾವು ಮುಂದಕ್ಕೆ ಒಯ್ಯಬೇಕಾಗಿಲ್ಲ.

ಇದಕ್ಕೆ ಯೋಜನೆ, ಅನುದಾನ, ಉದ್ಘಾಟನೆ ಯಾವುದೂ ಬೇಡ. ನಾಲ್ಕು ಮನೆಗಳಿಂದ ಎರಡೆರಡು ಹಳೆಯ ಹತ್ತಿ ಸೀರೆ, ನಾಲ್ಕು ಉದ್ದ ಸೂಜಿ, ದಪ್ಪ ನೂಲಿನ ಉಂಡೆಗಳು, ಒಂದು ಚಾಪೆ. ಕಾರು ಹೊರಗೆ ನಿಲ್ಲಿಸಿದರೆ ಯಾವ ಮನೆಯ ಮುಂದೂ ಜಾಗವಾಗುತ್ತದೆ. ದೇವಸ್ಥಾನದ ಪ್ರಾಂಗಣ, ಸಮುದಾಯ ಭವನ, ರಜೆಯ ದಿನದ ಶಾಲೆಯ ವರಾಂಡ ಆದರೂ ಸರಿ. ಮನೆಗೆಲಸಕ್ಕೆ ಬರುವವರನ್ನೂ, ಬೀದಿ ಗುಡಿಸುವವರನ್ನೂ ಅದೇ ಚಾಪೆಗೆ ಕರೆಯಬೇಕು. ಅವರ ಸೀರೆಯ ತುಂಡೂ ಅದೇ ಕೌದಿಯಲ್ಲಿ ಸೇರಬೇಕು. ಮೊದಲ ಕೌದಿಯನ್ನು ಮಾರಬಾರದು. ಬೀದಿಯಲ್ಲಿ ಮುಂದೆ ಹುಟ್ಟುವ ಕೂಸಿಗೆ, ಅದು ಯಾರ ಮನೆಯದೇ ಆಗಲಿ, ಕೊಡಬೇಕು.

ಯುಗಾದಿಯಿಂದ ಮುಂಗಾರಿನವರೆಗೆ ಎರಡು ತಿಂಗಳ ಬಿಸಿಲಿದೆ, ನಾಲ್ವರಿಗೆ ಬೇಕಾದದ್ದು ಮೂರು ಮಧ್ಯಾಹ್ನ. ಈ ಬೇಸಿಗೆಯಲ್ಲಿ ಹಳೆ ಸೀರೆಯೊಂದನ್ನು ಎತ್ತಿಟ್ಟುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿ. ತಟ್ಟಲು ಕಾರಣ ಬೇಕೆಂದರೆ, ಕೌದಿಗಿಂತ ಒಳ್ಳೆಯ ಕಾರಣ ನಮ್ಮ ಹಿರಿಯರು ಬಿಟ್ಟುಹೋಗಿಲ್ಲ.